ಕಿನ್ ಅಂದರೆ ಹೊತ್ತು: ಮಾಯಾ ಕಟ್ಟಡಗಳೂ ಸೂರ್ಯನ ಲೆಕ್ಕವೂ

ಮೆಕ್ಸಿಕೊ, ಗ್ವಾಟೆಮಾಲ ಕಡೆಯ ಮಾಯಾ ಜನರ ಭಾಷೆಗಳಲ್ಲಿ 'ಕಿನ್' ಎಂಬ ಪದವಿದೆ. ಸೂರ್ಯನೂ ಕಿನ್, ದಿನವೂ ಕಿನ್, ಕಾಲವೂ ಕಿನ್. ಬೇರೆ ಭಾಷೆಯವರಿಗೆ ಇದನ್ನು ತಿಳಿಸಿ ಹೇಳಲು ಒಂದು ಪುಟ ಬೇಕಾಗಬಹುದು, ನಮಗೆ ಒಂದೇ ಪದ ಸಾಕು: ಹೊತ್ತು. 'ಹೊತ್ತು ಮೂಡಿತು', 'ಹೊತ್ತು ಮುಳುಗಿತು' ಅಂದಾಗ ಸೂರ್ಯನ ಮಾತು. 'ಹೊತ್ತಾಯಿತು', 'ಎಷ್ಟು ಹೊತ್ತು ಕಾಯಲಿ' ಅಂದಾಗ ಕಾಲದ ಮಾತು. ಈ ಟಿಪ್ಪಣಿಯಲ್ಲಿ ಕಿನ್ ಎಂದು ಬಂದಲ್ಲೆಲ್ಲ ಮನಸ್ಸಿನಲ್ಲಿ ಹೊತ್ತು ಎಂದೇ ಓದಿಕೊಳ್ಳಿ. ಮಾಯಾ ಜನ ಕಟ್ಟಡಗಳನ್ನು ಸೂರ್ಯನ ಕಡೆಗೆ ಏಕೆ ತಿರುಗಿಸಿದರು ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಈ ಪದದಲ್ಲೇ ಇದೆ. ಅವರು ಆ ದಿಕ್ಕಿನಲ್ಲಿ ಹೊತ್ತನ್ನು ಎಣಿಸುತ್ತಿದ್ದರು.

ಈ ವಿಷಯ ಹಿಡಿದವರೆಲ್ಲ ಮೆಕ್ಸಿಕೊದ ಚಿಚೆನ್ ಇಟ್ಜಾ ಎಂಬ ಮಾಯಾ ನಗರದಲ್ಲಿ, ಗುಡಿಯ ಮೆಟ್ಟಿಲ ಪಕ್ಕ ಮೂಡುವ ನೆರಳಿನ ಹಾವಿನಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದೆ, ಸುಮಾರು ದಿನ ಅಲ್ಲೇ ಸಿಕ್ಕಿಹಾಕಿಕೊಂಡೆ. ಆದ್ದರಿಂದ ಹಾವು ಸದ್ಯಕ್ಕೆ ಬುಟ್ಟಿಯಲ್ಲೇ ಇರಲಿ. ಮೊದಲು ಮಾಳಿಗೆ ಹತ್ತೋಣ.

ಮಾಳಿಗೆಯ ಮೇಲಿನ ಪಾಠ

ನಮ್ಮ ಮನೆ ಹಾವೇರಿಯಲ್ಲಿ. ಮಾಳಿಗೆ ಮೇಲೆ ಒಂದು ಮೂಲೆಯಲ್ಲಿ ಇಟ್ಟಿಗೆ ಇಟ್ಟು, ದಿನಾ ಮುಂಜಾನೆ ಅದರ ಮೇಲೇ ನಿಂತು ಮೂಡಲು ನೋಡುತ್ತೇನೆ. ನಿಲ್ಲುವ ಜಾಗ ಬದಲಾದರೆ ಲೆಕ್ಕವೇ ಕೆಡುತ್ತದೆ, ಹಾಗಾಗಿ ಇಟ್ಟಿಗೆ. ಎದುರಿಗೆ ಬಲಗಡೆಯಿಂದ ಒಂದು ಮೊಬೈಲ್ ಟವರ್, ಪಕ್ಕದ ಮನೆಯ ಕಪ್ಪು ಸಿಂಟೆಕ್ಸ್ ಟ್ಯಾಂಕ್, ಆಮೇಲೆ ಒಂದು ಬೇವಿನ ಮರ. ಇಷ್ಟೇ ನನ್ನ ಪಂಚಾಂಗ. ಒಂದು ದಿನ ಟ್ಯಾಂಕಿನ ಮನೆಯ ಕಾಕು ಕೇಳೇಬಿಟ್ಟರು, "ದಿನಾ ಮುಂಜಾನೆ ನಮ್ಮ ಟಾಕಿ ಏನ್ ನೋಡ್ತಿಯೋ ತಮ್ಮಾ?" "ಹೊತ್ತ ಹೊಂಡೂದ ನೋಡಾಕತ್ತೇನ್ರೀ ಕಾಕು" ಅಂದೆ. ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಬಲತುದಿಯಲ್ಲಿ, ಟವರಿನ ಹತ್ತಿರ ಹುಟ್ಟುತ್ತಾನೆ. ಅಲ್ಲಿಂದ ದಿನದಿನಕ್ಕೆ ಎಡಕ್ಕೆ, ಅಂದರೆ ಉತ್ತರಕ್ಕೆ ಸರಿಯುತ್ತ ಜೂನ್ 21ರ ಸುಮಾರಿಗೆ ಎಡತುದಿ ಮುಟ್ಟಿ ಮತ್ತೆ ಹಿಂತಿರುಗುತ್ತಾನೆ. ನಮ್ಮ ಅಕ್ಷಾಂಶದಲ್ಲಿ ಈ ಎರಡು ತುದಿಗಳ ನಡುವೆ ಸುಮಾರು 49 ಡಿಗ್ರಿ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗೆ ಹೆಚ್ಚುಕಡಿಮೆ 10 ಡಿಗ್ರಿ, ಆ ಲೆಕ್ಕದಲ್ಲಿ ವರ್ಷವೆಲ್ಲ ಐದು ಮುಷ್ಟಿಯೊಳಗೆ ಮುಗಿಯಿತು. (ಒಂದು ಎಚ್ಚರಿಕೆ: ಪಂಚಾಂಗದ ಮಕರ ಸಂಕ್ರಾಂತಿ ಈಗ ಜನವರಿ 14-15ಕ್ಕೆ ಬೀಳುತ್ತದೆ. ಸೂರ್ಯ ನಿಜವಾಗಿ ತಿರುಗುವುದು ಡಿಸೆಂಬರಿನಲ್ಲೇ. ಎರಡನ್ನೂ ಕಲಸಿಕೊಳ್ಳಬೇಡಿ, ನಾನು ಕಲಸಿಕೊಂಡಿದ್ದೆ.)

ಈ ಓಡಾಟದ ವೇಗ ಒಂದೇ ಸಮ ಇಲ್ಲ. ಮಾರ್ಚ್, ಸೆಪ್ಟೆಂಬರಿನಲ್ಲಿ ಸೂರ್ಯ ದಿನಕ್ಕೆ ಸುಮಾರು 0.4 ಡಿಗ್ರಿ ಸರಿಯುತ್ತಾನೆ, ಅಂದರೆ ತನ್ನ ಅಗಲಕ್ಕಿಂತ ಸ್ವಲ್ಪವೇ ಕಡಿಮೆ. ನಿನ್ನೆ ಟ್ಯಾಂಕಿನ ಹಿಂದೆ ಹುಟ್ಟಿದವನು ಇವತ್ತು ಪಕ್ಕಕ್ಕೆ ಬಂದದ್ದು ಬರಿಗಣ್ಣಿಗೆ ಗೊತ್ತಾಗುತ್ತದೆ. ಎರಡು ತುದಿಗಳಲ್ಲಿ ಮಾತ್ರ ಒಂದು ವಾರವಾದರೂ ನಿಂತಲ್ಲೇ ನಿಂತಂತೆ ಕಾಣುತ್ತಾನೆ. ಆದ್ದರಿಂದ 'ಇದು ವರ್ಷದ ತಿರುವು' ಎಂದು ಗುರುತಿಸಲು ತುದಿಗಳು ಸುಲಭ, 'ಇವತ್ತು ಇಂಥ ದಿನವೇ' ಎಂದು ಖಚಿತವಾಗಿ ಹೇಳಲು ಅವು ಬಹಳ ಕೆಟ್ಟ ಜಾಗ.

ಇನ್ನು ವಿಷುವ. ಹಗಲು ರಾತ್ರಿ ಸಮ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಆ ಮಾರ್ಚ್ 20-21ರಂದು ಬಾನಂಚಿನಲ್ಲಿ ನೋಡಲು ವಿಶೇಷವೇನೂ ಇಲ್ಲ. ಸೂರ್ಯ ಅಲ್ಲಿ ನಿಲ್ಲುವುದಿಲ್ಲ, ತಿರುಗುವುದಿಲ್ಲ, ಹಾದುಹೋಗುತ್ತಾನೆ ಅಷ್ಟೇ. ಬರಿಗಣ್ಣಿನವರು ಅದನ್ನು ಹಿಡಿಯಬೇಕಾದರೆ ಎರಡು ತುದಿಗಳ ನಡುವಿನ ದಿನಗಳನ್ನು ಎಣಿಸಿ ಅರ್ಧ ಮಾಡಬೇಕು. ಹಾಗೆ ಮಾಡಿದರೆ ಭೂಮಿ ಒಂದೇ ವೇಗದಲ್ಲಿ ಸುತ್ತದ ಕಾರಣ ಮಾರ್ಚ್ 21 ಬರುವುದಿಲ್ಲ, ಮಾರ್ಚ್ 23ರ ಹತ್ತಿರ ಬರುತ್ತದೆ. ಅತ್ತ ಸೆಪ್ಟೆಂಬರಿನಲ್ಲೂ 23ರ ಬದಲು 21. ಮೆಸೊಅಮೆರಿಕದಲ್ಲಿ (ಮೆಕ್ಸಿಕೊದಿಂದ ಮಧ್ಯ ಅಮೆರಿಕದವರೆಗಿನ ಹಳೆಯ ನಾಡುಗಳಲ್ಲಿ) 'ವಿಷುವದ ಕಟ್ಟಡ' ಎಂದು ಹೆಸರಾದ ಎಷ್ಟೋ ಕಟ್ಟಡಗಳನ್ನು ಸರಿಯಾಗಿ ಅಳೆದಾಗ ಸಿಕ್ಕಿದ್ದು ಈ ಎಣಿಕೆಯ ದಿನಗಳೇ. ಈ ಎರಡು ದಿನದ ವ್ಯತ್ಯಾಸ ತಪ್ಪಲ್ಲ, ಎಣಿಸಿದ್ದಕ್ಕೆ ಸಾಕ್ಷಿ. ನನಗೆ ಇಡೀ ವಿಷಯ ತೆರೆದುಕೊಂಡದ್ದು ಇಲ್ಲಿಂದಲೇ.

ಕೊನೆಗೊಂದು ಸೂತ್ರ, ಮುಂದೆ ಪದೇ ಪದೇ ಬೇಕಾಗುತ್ತದೆ. ತುದಿಗಳನ್ನು ಬಿಟ್ಟರೆ ಬಾನಂಚಿನ ಯಾವ ಬಿಂದುವಿಗೂ ಸೂರ್ಯ ವರ್ಷಕ್ಕೆ ಎರಡು ಸಲ ಬರುತ್ತಾನೆ, ಹೋಗುವಾಗೊಮ್ಮೆ, ಬರುವಾಗೊಮ್ಮೆ. ಬೆಂಗಳೂರಿನ ಗವಿಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಲಿಂಗದ ಮೇಲೆ ಬಿಸಿಲು ಬೀಳುವುದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಅದೇ ಬಿಸಿಲು ನವೆಂಬರ್ ಕೊನೆಯಲ್ಲೂ ಒಮ್ಮೆ ಒಳಗೆ ಬಂದು ಹೋಗುತ್ತದೆ, ಆಗ ಕ್ಯಾಮೆರಾ ಇರುವುದಿಲ್ಲ. ಕಟ್ಟಡ ಒಂದು ದಿಕ್ಕಿಗೆ ಮುಖ ಮಾಡಿದೆ ಎಂದರೆ ಅದು ಎರಡು ದಿನಾಂಕಗಳನ್ನು ಹೇಳುತ್ತಿದೆ. ಆ ಎರಡರ ನಡುವೆ ಎಷ್ಟು ದಿನ ಎಂಬುದೇ ಮುಖ್ಯ ಪ್ರಶ್ನೆ.

ವಾಶಕ್ತೂನ್: ಮೂರು ಗುಡಿ, ಒಂದು ದಿಬ್ಬ

ಮಾಯಾ ನಾಡು ಎಂದರೆ ಇವತ್ತಿನ ಮೆಕ್ಸಿಕೊದ ದಕ್ಷಿಣ ಭಾಗ, ಯುಕಾಟಾನ್ ಪರ್ಯಾಯ ದ್ವೀಪ, ಗ್ವಾಟೆಮಾಲ, ಬೆಲೀಜ್, ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್‌ನ ಪಶ್ಚಿಮ ಭಾಗ. ಒಂದೇ ಸಾಮ್ರಾಜ್ಯವಲ್ಲ, ತಮ್ಮ ತಮ್ಮಲ್ಲೇ ಕಾದಾಡುತ್ತಿದ್ದ ಹತ್ತಾರು ನಗರರಾಜ್ಯಗಳು. ಅವರ ಉಚ್ಛ್ರಾಯದ ಕಾಲ ಸುಮಾರು ಕ್ರಿ.ಶ. 250ರಿಂದ 900. ಕಟ್ಟಿದ್ದು ಸುಣ್ಣಕಲ್ಲಿನಿಂದ, ಮೇಲೆ ಸುಣ್ಣದ ಗಾರೆ, ಅದರ ಮೇಲೆ ಬಹುಪಾಲು ಕೆಂಪು ಬಣ್ಣ. ಹೊರೆ ಹೊರುವ ಪ್ರಾಣಿ ಇರಲಿಲ್ಲ, ಕಲ್ಲು ಕಡಿಯಲು ಕಬ್ಬಿಣವೂ ಇರಲಿಲ್ಲ. ಬಾಗಿಲಿನ ಮೇಲೆ ನಾವು ನೋಡುವ ದುಂಡು ಕಮಾನಿನ ಬದಲು, ಎರಡೂ ಕಡೆಯಿಂದ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಒಳಚಾಚಿ ಮೇಲೆ ಕೂಡಿಸುವ ಕಮಾನು. ಅದರಿಂದ ಕೋಣೆಗಳು ಇಕ್ಕಟ್ಟು. ಹಾಗಾಗಿ ಎಲ್ಲ ವೈಭವ ಹೊರಗೆ, ಅಂಗಳದಲ್ಲಿ, ಬಿಸಿಲಿನಲ್ಲಿ.

1924ರಲ್ಲಿ ಫ್ರಾನ್ಸ್ ಬ್ಲೋಮ್ ಎಂಬ ಡೆನ್ಮಾರ್ಕಿನ ಪುರಾತತ್ವಜ್ಞ ಗ್ವಾಟೆಮಾಲದ ಕಾಡಿನಲ್ಲಿ, ತಿಕಾಲ್ ಎಂಬ ಮಾಯಾ ನಗರದ ಉತ್ತರಕ್ಕಿರುವ ವಾಶಕ್ತೂನ್‌ನಲ್ಲಿ ಕಟ್ಟಡಗಳನ್ನು ಅಳೆಯುತ್ತಿದ್ದ. ಒಂದು ಅಂಗಳದ ಪಶ್ಚಿಮಕ್ಕೆ ಒಂಟಿ ದಿಬ್ಬ, ನಾಲ್ಕೂ ಕಡೆ ಮೆಟ್ಟಿಲು. ಪೂರ್ವಕ್ಕೆ ಒಂದು ಉದ್ದನೆಯ ಜಗತಿ, ಅದರ ಮೇಲೆ ಸಾಲಾಗಿ ಮೂರು ಚಿಕ್ಕ ಗುಡಿಗಳು. ಪಶ್ಚಿಮದ ದಿಬ್ಬದ ಮೇಲೆ ನಿಂತು ಪೂರ್ವಕ್ಕೆ ನೋಡಿದರೆ ಜೂನ್ ತಿರುವಿನಲ್ಲಿ ಎಡಗುಡಿಯ ಕಡೆ, ಡಿಸೆಂಬರ್ ತಿರುವಿನಲ್ಲಿ ಬಲಗುಡಿಯ ಕಡೆ, ವಿಷುವದ ಆಸುಪಾಸಿನಲ್ಲಿ ನಡುವಿನ ಗುಡಿಯ ಹಿಂದೆ ಸೂರ್ಯ ಹುಟ್ಟುತ್ತಾನೆ. ನನ್ನ ಟವರ್, ಟ್ಯಾಂಕ್, ಬೇವಿನ ಮರಗಳ ಬದಲು ಅವರು ಗುಡಿಗಳನ್ನೇ ಕಟ್ಟಿ ನಿಲ್ಲಿಸಿಕೊಂಡಿದ್ದರು.

ಆ ಕಟ್ಟಡಸಮೂಹಕ್ಕೆ ನಕ್ಷೆಯಲ್ಲಿ 'ಇ' ಎಂಬ ಅಕ್ಷರ ಬಿದ್ದಿತ್ತು. ಆಮೇಲೆ ಇದೇ ವಿನ್ಯಾಸ ನೂರಾರು ಊರುಗಳಲ್ಲಿ ಸಿಕ್ಕಿದ್ದರಿಂದ ಎಲ್ಲಕ್ಕೂ 'ಇ-ಗುಂಪು' ಎಂದೇ ಹೆಸರಾಯಿತು. ತಮಾಷೆ ಏನೆಂದರೆ ಬೇರೆ ಕಡೆಯ ಇ-ಗುಂಪುಗಳನ್ನು ಅಳೆದರೆ ಹೆಚ್ಚಿನವು ತಿರುವುಗಳಿಗೂ ಸರಿಹೊಂದಲಿಲ್ಲ, ವಿಷುವಕ್ಕೂ ಸರಿಹೊಂದಲಿಲ್ಲ. ಹೀಗಾಗಿ ಅವು ವಾಶಕ್ತೂನ್‌ನ ಅಂಧಾಭಿಮಾನದ ನಕಲು, ವೀಕ್ಷಣೆಗಲ್ಲ, ಪೂಜೆಗಷ್ಟೇ ಎಂಬ ವಾದವೂ ಬಂತು. ತಪ್ಪು ಉತ್ತರ ಸಿಕ್ಕಿದ್ದು ಪ್ರಶ್ನೆಯೇ ತಪ್ಪಾಗಿದ್ದರಿಂದ ಎಂದು ಗೊತ್ತಾಗಲು ಹಲವು ದಶಕ ಬೇಕಾಯಿತು.

ಇನ್ನೊಂದು ಸಂಗತಿ. ಆ ಪಶ್ಚಿಮದ ದಿಬ್ಬದ ಹಾಳಾದ ಮೇಲ್ಪದರ ತೆಗೆದಾಗ ಒಳಗೆ ಇನ್ನೊಂದು ಹಳೆಯ ದಿಬ್ಬ ಸಿಕ್ಕಿತು, ಬಿಳಿ ಗಾರೆ, ಮೆಟ್ಟಿಲ ಇಕ್ಕೆಲಗಳಲ್ಲಿ ದೊಡ್ಡ ಮುಖವಾಡಗಳು. ಮಾಯಾ ಜನ ಹಳೆಯದನ್ನು ಕೆಡವುತ್ತಿರಲಿಲ್ಲ, ಅದರ ಮೇಲೇ ಹೊಸದನ್ನು ಹೊದಿಸುತ್ತಿದ್ದರು, ಈರುಳ್ಳಿಯ ಸಿಪ್ಪೆಯಂತೆ. ಒಂದು ಪದರ ಏರಿದಾಗೊಮ್ಮೆ ನೋಡುವವನ ಕಣ್ಣಿನ ಎತ್ತರವೂ ಎದುರಿನ ಗುಡಿಯ ಎತ್ತರವೂ ಬದಲಾಗಿ ನೋಟದ ರೇಖೆ ಜರುಗುತ್ತದೆ. ಯಾವ ಕಾಲದ ಪದರವನ್ನು ಅಳೆಯುತ್ತಿದ್ದೇವೆ ಎಂದು ಕೇಳದೆ ಬರೀ ದಿಕ್ಸೂಚಿ ಹಿಡಿದು ಹೊರಟರೆ ಪ್ರಯೋಜನವಿಲ್ಲ.

260 ದಿನದ ಗಂಟು

ಈಗ ಪಂಚಾಂಗಕ್ಕೆ ಬರೋಣ. ಮಾಯಾ ಜನರಿಗೆ ಒಟ್ಟಿಗೆ ಓಡುವ ಎರಡು ಎಣಿಕೆಗಳಿದ್ದವು. ಮೊದಲನೆಯದು 'ಹಾಬ್', 365 ದಿನ: 20 ದಿನಗಳ 18 ತಿಂಗಳು, ಕೊನೆಗೆ ಅಶುಭವೆಂದು ಬಗೆದ 5 ದಿನ. ಎರಡನೆಯದನ್ನು ಈಗ 'ತ್ಸೊಲ್ಕಿನ್' ಎನ್ನುತ್ತಾರೆ (ಇದರಲ್ಲೂ ಕಿನ್ ಇದೆ ನೋಡಿ), 260 ದಿನ: 1ರಿಂದ 13ರವರೆಗಿನ ಅಂಕಿಗಳು ಒಂದು ಕಡೆ, 20 ದಿನಗಳ ಹೆಸರು ಇನ್ನೊಂದು ಕಡೆ, ಎರಡೂ ಜೊತೆಯಾಗಿ ಓಡುತ್ತವೆ. ಅಂಗಾರಕ ಸಂಕಷ್ಟಿ ಎಂದರೆ ಏನು? ವಾರದ ಚಕ್ರವೂ ತಿಥಿಯ ಚಕ್ರವೂ ಒಂದು ಕಡೆ ಕೂಡಿದ ದಿನ. ಅದೇ ಥರ '8 ಕೋತಿ', '7 ಜಿಂಕೆ' ಎಂದು ಅವರ ದಿನಗಳು. ಒಂದು ಜೋಡಿ ಮತ್ತೆ ಬರಲು 13 × 20, ಅಂದರೆ 260 ದಿನ ಬೇಕು. ಹಾಬ್ ಮತ್ತು ತ್ಸೊಲ್ಕಿನ್ ಎರಡೂ ಮತ್ತೆ ಒಂದೇ ಕಡೆ ಕೂಡಲು 18,980 ದಿನ, ಹಾಬ್ ಲೆಕ್ಕದಲ್ಲಿ ಸರಿಯಾಗಿ 52 ವರ್ಷ.

ಹಾಬ್‌ನಲ್ಲಿ ಅಧಿಕ ದಿನ ಇಲ್ಲ. ನಿಜವಾದ ವರ್ಷ 365 ದಿನಕ್ಕಿಂತ ಸುಮಾರು ಕಾಲು ದಿನ ದೊಡ್ಡದು. ನೂರು ವರ್ಷಕ್ಕೆ 24 ದಿನದಷ್ಟು ತಪ್ಪುತ್ತದೆ. ಮುತ್ತಜ್ಜ ಯಾವ ತಿಂಗಳಲ್ಲಿ ಮೆಕ್ಕೆಜೋಳ ಬಿತ್ತುತ್ತಿದ್ದನೋ ಮರಿಮಗ ಅದೇ ಹೆಸರಿನ ತಿಂಗಳಲ್ಲಿ ಬಿತ್ತಿದರೆ ಮಳೆ ಸಿಗುವುದಿಲ್ಲ. ಇಷ್ಟು ಸೊಗಸಾದ ಪಂಚಾಂಗ ಇದ್ದವರಿಗೆ ಕಟ್ಟಡದ ನೋಟ ಏಕೆ ಬೇಕಿತ್ತು ಎಂಬುದಕ್ಕೆ ಉತ್ತರ ಇದೇ. ಎಣಿಕೆ ಜಾರುತ್ತದೆ, ಬಾನಂಚು ಜಾರುವುದಿಲ್ಲ.

2023ರಲ್ಲಿ ಇವಾನ್ ಶ್ಪ್ರಾಯ್ಟ್ಸ್, ತಕೇಶಿ ಇನೊಮಾಟಾ, ಆಂಟನಿ ಅವೇನಿ ಒಂದು ಅಧ್ಯಯನ ಪ್ರಕಟಿಸಿದರು. ವಿಮಾನದಿಂದ ಲೇಸರ್ ಹಾಯಿಸಿ ಕಾಡಿನ ಎಲೆಮರೆಯ ನೆಲವನ್ನು ಅಳೆಯುವ ಲೈಡಾರ್ ಎಂಬ ವಿಧಾನದಿಂದ, ಮೆಕ್ಸಿಕೊ ಕೊಲ್ಲಿಯ ದಕ್ಷಿಣ ತೀರದ ಓಲ್ಮೆಕ್ (ಅಲ್ಲಿನ ಇನ್ನೊಂದು ಪ್ರಾಚೀನ ನಾಗರಿಕತೆ) ಮತ್ತು ಮಾಯಾ ಪ್ರದೇಶದ 415 ಆಚರಣಾ ಸಮುಚ್ಚಯಗಳ ದಿಕ್ಕನ್ನು ಅವರು ನೋಡಿದ್ದರು. ಕಾಲ ಕ್ರಿ.ಪೂ. 1100ರಿಂದ ಕ್ರಿ.ಶ. 250. ಬಹುಪಾಲು ಕಟ್ಟಡಗಳು ಸೂರ್ಯೋದಯದತ್ತ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕ ಜೋಡಿ ಫೆಬ್ರುವರಿ 11 ಮತ್ತು ಅಕ್ಟೋಬರ್ 29. ಬೆರಳು ಮಡಚಿ ಎಣಿಸಿ: ಫೆಬ್ರುವರಿಯಲ್ಲಿ ಉಳಿದ 17, ಮಾರ್ಚ್ 31, ಏಪ್ರಿಲ್ 30, ಮೇ 31, ಜೂನ್ 30, ಜುಲೈ 31, ಆಗಸ್ಟ್ 31, ಸೆಪ್ಟೆಂಬರ್ 30, ಅಕ್ಟೋಬರಿನ 29. ಒಟ್ಟು 260.

ನಾನು ಇದನ್ನು ಮೊದಲ ಸಲ ಕೂಡಿದಾಗ ಕ್ಯಾಲ್ಕುಲೇಟರ್ ತೆಗೆದು ಇನ್ನೊಮ್ಮೆ ಕೂಡಿದೆ.

ಇದರ ಅರ್ಥ ಏನು? ಫೆಬ್ರುವರಿಯ ಆ ಬೆಳಗ್ಗೆ ತ್ಸೊಲ್ಕಿನ್‌ನಲ್ಲಿ '8 ಕೋತಿ' ಇದ್ದರೆ, ಸೂರ್ಯ ಎಡಕ್ಕೆ ಹೋಗಿ ತಿರುಗಿ ಅಕ್ಟೋಬರಿನಲ್ಲಿ ಅದೇ ಬಿಂದುವಿಗೆ ಬಂದಾಗಲೂ '8 ಕೋತಿ'ಯೇ ಇರುತ್ತದೆ. ಕಟ್ಟಡದ ಅದೇ ನೋಟ, ಪಂಚಾಂಗದ ಅದೇ ದಿನ. ಹೊಲ ಸವರಿ ಸುಡುವುದರಿಂದ ಹಿಡಿದು ಮೆಕ್ಕೆಜೋಳ ಕಟಾವಿಗೆ ಬರುವವರೆಗಿನ ಕೆಲಸವೆಲ್ಲ ಹೆಚ್ಚುಕಡಿಮೆ ಆ ಎರಡು ಬೆಳಗುಗಳ ನಡುವೆ. ಬೇರೆ ಕಟ್ಟಡಗಳಲ್ಲೂ 13ರ ಅಥವಾ 20ರ ಗುಣಕಗಳ ಅಂತರಗಳು ಮತ್ತೆ ಮತ್ತೆ ಸಿಗುತ್ತವೆ. ನಮ್ಮಲ್ಲಿ ಮಂಗಳವಾರಕ್ಕೆ 14 ದಿನ ಕೂಡಿದರೆ ಮತ್ತೆ ಮಂಗಳವಾರ ಬರುವ ಹಾಗೆ, ಅವರಲ್ಲಿ 20 ದಿನ ಕೂಡಿದರೆ ಅದೇ ಹೆಸರು, 13 ದಿನ ಕೂಡಿದರೆ ಅದೇ ಅಂಕಿ. ಇ-ಗುಂಪುಗಳು ವಿಷುವಕ್ಕೆ ಹೊಂದದೆ ಸತಾಯಿಸಿದ್ದು ಇದಕ್ಕೇ, ಅವು ಎಣಿಸುತ್ತಿದ್ದದ್ದು ಬೇರೆ.

ಇದೇ ತಂಡದ ಇನೊಮಾಟಾ 2020ರಲ್ಲಿ ಮೆಕ್ಸಿಕೊದ ತಬಾಸ್ಕೊದಲ್ಲಿ ಅಗ್ವಾದಾ ಫೆನಿಕ್ಸ್ ಎಂಬ ಜಾಗದ ವಿವರ ಪ್ರಕಟಿಸಿದ್ದರು. ಸುಮಾರು 1.4 ಕಿಲೋಮೀಟರ್ ಉದ್ದ, 10ರಿಂದ 15 ಮೀಟರ್ ಎತ್ತರದ ಮಣ್ಣಿನ ಜಗತಿ, ಕ್ರಿ.ಪೂ. 1000ದಿಂದ 800ರ ನಡುವೆ ಕಟ್ಟಿದ್ದು. ನೆಲದ ಮೇಲೆ ನಿಂತರೆ ಅದು ಕಟ್ಟಡ ಎಂದೇ ತಿಳಿಯುವುದಿಲ್ಲ, ಊರಿನ ಏರುನೆಲ ಎಂದುಕೊಂಡು ಜನ ದನ ಮೇಯಿಸುತ್ತಿದ್ದರು. ಅದರ ಅಕ್ಷ ಹೇಳುವ ದಿನಗಳು ಅಕ್ಟೋಬರ್ 17 ಮತ್ತು ಫೆಬ್ರುವರಿ 24. ನಡುವೆ 130 ದಿನ, 260ರ ಅರ್ಧ. ಬರಹದಲ್ಲಿ 260 ದಿನದ ಎಣಿಕೆಗೆ ಮಾಯಾ ನಾಡಿನ ಹಳೆಯ ಸಾಕ್ಷಿ ಗ್ವಾಟೆಮಾಲದ ಸಾನ್ ಬಾರ್ತೊಲೊದ ಗೋಡೆಚಿತ್ರದ ಚೂರಿನ ಮೇಲಿರುವ '7 ಜಿಂಕೆ', ಅದು ಕ್ರಿ.ಪೂ. 300-200ರದ್ದು. ಅಂದರೆ ಬರೆಯುವುದಕ್ಕೆ ಎಷ್ಟೋ ಶತಮಾನ ಮೊದಲೇ ಮಣ್ಣು ಹೊತ್ತು ಹಾಕಿ ಎಣಿಸುತ್ತಿದ್ದರು.

ನೆತ್ತಿಯ ಹೊತ್ತು, ಮತ್ತು ಹಾವೇರಿ

ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವೆ ಇರುವವರಿಗಷ್ಟೇ ಸಿಗುವ ಒಂದು ನೋಟವಿದೆ: ವರ್ಷಕ್ಕೆ ಎರಡು ದಿನ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಂತ ಕೋಲಿನ ನೆರಳು ಮಾಯವಾಗುತ್ತದೆ. ನಮ್ಮ ಶಾಲೆಗಳಲ್ಲಿ ಈಗ ಶೂನ್ಯ ನೆರಳಿನ ದಿನ ಎಂದು ಆಚರಿಸುವುದು ಇದನ್ನೇ. ಯುರೋಪಿನವರಿಗೆ ಇದು ಪರಿಚಯವಿಲ್ಲ, ಅದಕ್ಕೇ ಹಳೆಯ ಸಂಶೋಧಕರು ಮಾಯಾ ಕಟ್ಟಡಗಳಲ್ಲಿ ವಿಷುವ ಮತ್ತು ತಿರುವುಗಳನ್ನಷ್ಟೇ ಹುಡುಕಿದರೇನೋ ಎಂದು ನನಗೆ ಅನುಮಾನ. 1920ರ ದಶಕದಲ್ಲಿ ಜೀಲಿಯಾ ನಟ್ಟಾಲ್ ಎಂಬ ವಿದುಷಿ ನೆತ್ತಿಯ ಸೂರ್ಯನ ಕಡೆ ಗಮನ ಸೆಳೆದರು.

ಹೊಂಡುರಾಸ್‌ನ ಕೋಪಾನ್ ಮಾಯಾ ನಗರಗಳಲ್ಲಿ ಶಿಲ್ಪಕ್ಕೆ ಹೆಸರಾದದ್ದು. ಅದರ ಅಕ್ಷಾಂಶ 14.8 ಡಿಗ್ರಿ ಉತ್ತರ. ನಮ್ಮ ಹಾವೇರಿಯದೂ 14.8! ಅರ್ಧ ಭೂಗೋಳ ಆಚೆ ಇದ್ದರೂ ಸೂರ್ಯನ ಲೆಕ್ಕದಲ್ಲಿ ಎರಡೂ ಒಂದೇ ಓಣಿ. ಎರಡೂ ಕಡೆ ಸೂರ್ಯ ನೆತ್ತಿಗೆ ಬರುವುದು ಏಪ್ರಿಲ್ 30ರ ಸುಮಾರಿಗೆ ಮತ್ತು ಆಗಸ್ಟ್ 12-13ಕ್ಕೆ. ಆಗಸ್ಟ್ 13ರಿಂದ ಮುಂದಿನ ಏಪ್ರಿಲ್ 30ರವರೆಗೆ ಎಣಿಸಿ. ಮತ್ತೆ 260.

260ರ ಹುಟ್ಟೇ ಈ ಅಕ್ಷಾಂಶದಲ್ಲಿ ಎಂದು ವಾದಿಸಿದವರಿದ್ದಾರೆ. ಕೈಕಾಲಿನ ಬೆರಳು 20, ಅದಕ್ಕೆ ಪವಿತ್ರವಾದ 13ನ್ನು ಗುಣಿಸಿದ್ದು ಎನ್ನುವವರಿದ್ದಾರೆ. ಹೆಂಗಸರ ಬಸಿರಿನ ದಿನ ಎನ್ನುವವರೂ ಇದ್ದಾರೆ. ನೆತ್ತಿಯ ವಾದ ಸೊಗಸಾಗಿದೆ, ಆದರೆ ಅತಿ ಹಳೆಯ ಕಟ್ಟಡಗಳು ಸಿಕ್ಕ ತಬಾಸ್ಕೊ ಇನ್ನೂ ಉತ್ತರಕ್ಕಿದೆ, ಅಲ್ಲಿ ಈ ಅಂತರ 260 ಬರುವುದಿಲ್ಲ. ನನ್ನ ಒಲವು ಬೆರಳಿನ ಕಡೆಗೆ.

ಏಪ್ರಿಲ್ 30ರಂದು ಮಾಳಿಗೆ ಮೇಲೆ ಒಂದು ಸ್ಟೀಲ್ ಲೋಟ ಕವಿಚಿ ಇಟ್ಟೆ. ಗಡಿಯಾರದ 12 ಗಂಟೆಗೆ ನೆರಳು ಇನ್ನೂ ಪಡುವಣಕ್ಕೆ ಇಣುಕುತ್ತಿತ್ತು. ನಮ್ಮ ಗಡಿಯಾರ ಅಲಹಾಬಾದಿನ ಹತ್ತಿರದ ರೇಖಾಂಶದ್ದು, ಹಾವೇರಿಯ ನಡುಹಗಲು ಅದಕ್ಕಿಂತ ತಡ. 12 ಗಂಟೆ 26 ನಿಮಿಷದ ಹೊತ್ತಿಗೆ ಲೋಟದ ಸುತ್ತ ನೆರಳೆಂಬುದೇ ಇರಲಿಲ್ಲ, ಲೋಟ ನೆಲಕ್ಕೆ ಅಂಟಿಸಿದ ಚಿತ್ರದಂತೆ ಕಂಡಿತು. ಕಾಲು ಮಾತ್ರ ಸುಟ್ಟವು. ಆಗಸ್ಟಿನದು ಮೋಡದಲ್ಲಿ ಹೋಯಿತು. ಕೋಪಾನ್‌ನಲ್ಲಿ ಈ ಮೊದಲ ನೆತ್ತಿದಿನ ಮಳೆಗಾಲದ ಬಾಗಿಲಿನಲ್ಲೇ ಬರುತ್ತದೆ. ಅದೇ ಕಣಿವೆಯಲ್ಲಿ ಎದುರುಬದುರು ಗುಡ್ಡಗಳ ಮೇಲೆ 12 ಮತ್ತು 10ನೇ ನಂಬರಿನ ಎರಡು ಶಿಲಾಸ್ತಂಭಗಳಿವೆ. ಏಪ್ರಿಲ್ ಎರಡನೇ ವಾರದಲ್ಲಿ ಒಂದರ ಬಳಿ ನಿಂತರೆ ಇನ್ನೊಂದರ ಹಿಂದೆ ಹೊತ್ತು ಮುಳುಗುತ್ತದೆ. ಹೊಲ ಸಿದ್ಧವಾಯಿತೇ ಎಂದು ಕೇಳುವ ಹಾಗೆ.

ಈಗ ಬುಟ್ಟಿ ತೆರೆಯೋಣ

ಚಿಚೆನ್ ಇಟ್ಜಾದಲ್ಲಿರುವ, ಗರಿಹಾವಿನ ದೇವರಾದ ಕುಕುಲ್ಕನ್‌ನ ಗುಡಿ ಬುಡದಲ್ಲಿ ಪ್ರತಿ ಬದಿ ಸುಮಾರು 55 ಮೀಟರ್, ಮೇಲಿನ ಗುಡಿ ಸೇರಿ ಎತ್ತರ 30 ಮೀಟರ್, ಒಂದರ ಮೇಲೊಂದು ಒಂಬತ್ತು ಜಗತಿ. ನಾಲ್ಕು ಬದಿಗೂ 91 ಮೆಟ್ಟಿಲು, ಒಟ್ಟು 364, ಮೇಲಿನ ಜಗತಿಯೂ ಸೇರಿದರೆ 365. ಈಗಿನ ಮೆಟ್ಟಿಲುಗಳಲ್ಲಿ ಬಹಳಷ್ಟು 20ನೇ ಶತಮಾನದ ಜೀರ್ಣೋದ್ಧಾರದಲ್ಲಿ ಮತ್ತೆ ಕಟ್ಟಿದವು, ಎರಡು ಬದಿ ಇನ್ನೂ ಕುಸಿದೇ ಇವೆ. ಆದರೂ 91ನ್ನು ನಂಬಬಹುದು: 16ನೇ ಶತಮಾನದಲ್ಲಿ ಡಿಯೆಗೊ ದೆ ಲಾಂಡಾ ಎಂಬ ಪಾದ್ರಿ ಇದೇ ಸಂಖ್ಯೆ ಬರೆದಿಟ್ಟಿದ್ದಾನೆ. ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದವನೂ ಇವನೇ, ಅವರ ಬದುಕನ್ನು ವಿವರವಾಗಿ ದಾಖಲಿಸಿದವನೂ ಇವನೇ. 91 ಎಂದರೆ 7 × 13, ವರ್ಷದ ಕಾಲುಭಾಗ. ಎರಡು ತಿರುವುಗಳ ನಡುವಿನ 182 ದಿನಗಳ ಅರ್ಧವೂ 91. ಮಾಳಿಗೆಯ ಪಾಠದಲ್ಲಿ ಬಂದ ಮಾರ್ಚ್ 23 ನೆನಪಿದೆಯಲ್ಲ?

ಹಾವು ಹೀಗೆ ಹುಟ್ಟುತ್ತದೆ. ಕಟ್ಟಡ ಉತ್ತರದಿಂದ ಸುಮಾರು 22 ಡಿಗ್ರಿ ಪೂರ್ವಕ್ಕೆ ತಿರುಗಿ ಕೂತಿದೆ. ಮಾರ್ಚಿನ ಇಳಿಹೊತ್ತಿನಲ್ಲಿ ಸೂರ್ಯ ಪಶ್ಚಿಮಕ್ಕೆ ಇಳಿದಾಗ ಉತ್ತರದ ಮುಖ ಪೂರ್ತಿ ಕತ್ತಲು. ಆ ಮುಖದ ಮೆಟ್ಟಿಲಿನ ಪಕ್ಕಗೋಡೆ ಮಾತ್ರ ಪಶ್ಚಿಮಕ್ಕೆ ಬಿಸಿಲು ಕಾಯುತ್ತಿರುತ್ತದೆ. ವಾಯವ್ಯ ಮೂಲೆಯ ಒಂಬತ್ತು ಜಗತಿಗಳ ಅಂಚು ಅದರ ಮೇಲೆ ಹಲ್ಲುಹಲ್ಲಾಗಿ ನೆರಳು ಚೆಲ್ಲುತ್ತದೆ. ನೆರಳಿನ ಹಲ್ಲುಗಳ ನಡುವೆ ಉಳಿದ ಬಿಸಿಲಿನ ಏಳು ತ್ರಿಕೋನಗಳು ಹಾವಿನ ಮೈ, ಬುಡದಲ್ಲಿರುವ ಬಾಯಿ ತೆರೆದ ಕಲ್ಲಿನ ತಲೆ ಅದರ ತಲೆ. ನೋಡಲು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದೇ ಆಕೃತಿ ವಿಷುವದ ಹಿಂದೆ ಮುಂದೆ ಹಲವು ವಾರ ಕಾಣುತ್ತದೆ. ಇಂಥ ದಿನವೇ ಎಂದು ಹೇಳಲಾರದ ಗಡಿಯಾರವನ್ನು ಗಡಿಯಾರ ಎನ್ನುವುದು ಹೇಗೆ? ಲಾಂಡಾ ಮೆಟ್ಟಿಲು ಎಣಿಸಿದನೇ ಹೊರತು ಹಾವಿನ ಸುದ್ದಿ ಎತ್ತಲಿಲ್ಲ. ಮಾರ್ಚ್ 21ಕ್ಕೆ ಸಾವಿರಾರು ಜನ ಸೇರುವ ಜಾತ್ರೆ ಶುರುವಾದದ್ದು 1970ರ ದಶಕದ ಆಚೆಗೆ. ಕಟ್ಟಿದವರ ಮನಸ್ಸಿನಲ್ಲಿ ಹಾವು ಇರಲೇ ಇಲ್ಲ ಎಂದು ನಾನು ಹೇಳುವುದಿಲ್ಲ, ಕಲ್ಲಿನ ತಲೆಗಳು ಅಲ್ಲಿವೆ. ಅದು ಹಬ್ಬದ ದೃಶ್ಯ ಆಗಿರಬಹುದು, ಎಣಿಕೆಯ ಸಾಧನ ಅಲ್ಲ.

ಆ 22 ಡಿಗ್ರಿ ಓರೆಯಲ್ಲಿ ನನಗೆ ಹೆಚ್ಚು ನಂಬಿಕೆ ಹುಟ್ಟಿಸುವುದು ಬೇರೆಯದು. ಚಿಚೆನ್ ಇಟ್ಜಾದಲ್ಲಿ ಸೂರ್ಯ ನೆತ್ತಿಗೆ ಬರುವುದು ಮೇ 23ರ ಸುಮಾರಿಗೆ ಮತ್ತು ಜುಲೈ 20ರ ಸುಮಾರಿಗೆ. ಆ ದಿನಗಳ ಸಂಜೆ ಅವನು ಮುಳುಗುವುದು ನೇರ ಪಶ್ಚಿಮದಿಂದ ಸುಮಾರು 22 ಡಿಗ್ರಿ ಉತ್ತರಕ್ಕೆ, ಅಂದರೆ ಗುಡಿಯ ಪಶ್ಚಿಮ ಮುಖದ ಎದುರಿಗೇ. ಮಧ್ಯಾಹ್ನ ನೆರಳಿಲ್ಲದ ದಿನ, ಸಂಜೆ ಎದುರಿಗೆ ಮುಳುಗುವ ಹೊತ್ತು.

ಇದೇ ಸಾಲಿನಲ್ಲಿ ಮೆರಿಡಾದ ಹತ್ತಿರ ಜಿಬಿಲ್ಚಾಲ್ತೂನ್‌ನ 'ಏಳು ಗೊಂಬೆಗಳ ಗುಡಿ' ಇದೆ, ವಿಷುವದ ಆಸುಪಾಸಿನಲ್ಲಿ ಅದರ ಬಾಗಿಲಿನ ಚೌಕಟ್ಟಿನೊಳಗೆ ಸೂರ್ಯ ಹುಟ್ಟುತ್ತಾನೆ. ಪಲೆಂಕೆ ಎಂಬ ಮಾಯಾ ನಗರದ ಕಟ್ಟಡಗಳ ಕಥೆ ಉದ್ದ, ಇಲ್ಲಿ ಒಂದು ಮಾತಷ್ಟೇ: ಅಲ್ಲಿನ ದೊಡ್ಡ ದೊರೆ ಪಕಾಲ್ (ಆಳ್ವಿಕೆ 615-683) ತನ್ನ ಹೆಸರಿಗೆ 'ಕಿನಿಚ್' ಎಂಬ ಸೂರ್ಯದೇವನ ಬಿರುದು ಹೊತ್ತಿದ್ದ. ಅದೇ ಕಾಲಕ್ಕೆ ನಮ್ಮ ಬಾದಾಮಿಯಲ್ಲಿ ವಿಕ್ರಮಾದಿತ್ಯ. ಅವನ ಹೆಸರಿನಲ್ಲೂ ಸೂರ್ಯ, ಇವನ ಹೆಸರಿನಲ್ಲೂ ಸೂರ್ಯ, ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗಿಲ್ಲ.

ರೇಖೆ ಎಳೆಯುವ ಮೊದಲು

ಈ ವಿಷಯದಲ್ಲಿ ಮೋಸಹೋಗುವುದು ಬಹಳ ಸುಲಭ. ಚಿಚೆನ್ ಇಟ್ಜಾದಲ್ಲೇ ಕರಾಕೋಲ್ ಎಂಬ ದುಂಡು ಗೋಪುರವಿದೆ. 1975ರಲ್ಲಿ ಅವೇನಿ ಮತ್ತು ಜೊತೆಗಾರರು ಅದರ ಕಿಟಕಿ, ಮೂಲೆ, ಮೆಟ್ಟಿಲುಗಳಿಂದ 29 ನೋಟದ ರೇಖೆಗಳನ್ನು ಪರೀಕ್ಷಿಸಿದರು, 20ಕ್ಕೆ ಆಕಾಶದಲ್ಲಿ ಏನಾದರೂ ಸಿಕ್ಕಿತು, ಮುಖ್ಯವಾಗಿ ಶುಕ್ರ ಮುಳುಗುವ ಉತ್ತರದ ತುದಿ. ಆದರೆ ಯಾವ ಕಟ್ಟಡದಲ್ಲಾದರೂ 29 ರೇಖೆ ಎಳೆದರೆ ಕೆಲವಕ್ಕೆ ಏನಾದರೂ ಸಿಗಲೇಬೇಕು, ನಿಮ್ಮ ಬಸ್ ನಿಲ್ದಾಣದಲ್ಲಿ ಮಾಡಿದರೂ ಸಿಗುತ್ತದೆ. ಶುಕ್ರನ ವಿಷಯವನ್ನು ನಂಬಲು ಕಾರಣ ಬೇರೆ ಕಡೆ ಇದೆ. ಡ್ರೆಸ್ಡೆನ್‌ನಲ್ಲಿ ಉಳಿದಿರುವ ಮಾಯಾ ಪುಸ್ತಕದಲ್ಲಿ ಶುಕ್ರನ 584 ದಿನದ ಪಟ್ಟಿ ಇದೆ, ಅಂಥ ಐದು ಸುತ್ತು 2,920 ದಿನ, ಅದೇ ಎಂಟು ಹಾಬ್.

ಯುಕಾಟಾನ್‌ನ ಊಶ್ಮಾಲ್ ನಗರದ 'ರಾಜ್ಯಪಾಲರ ಅರಮನೆ' ಇನ್ನೂ ಒಳ್ಳೆಯ ಪಾಠ. ಸುಮಾರು 100 ಮೀಟರ್ ಉದ್ದದ ಆ ಕಟ್ಟಡ ಊರಿನ ಉಳಿದೆಲ್ಲ ಕಟ್ಟಡಗಳಿಗೆ ಓರೆಯಾಗಿ ಕೂತಿದೆ, ಮುಂಭಾಗದ ಮಳೆದೇವರ ಮುಖವಾಡಗಳ ಮೇಲೆ 350ಕ್ಕೂ ಹೆಚ್ಚು ಶುಕ್ರಚಿಹ್ನೆಗಳು. ಅರಮನೆಯಿಂದ ಹೊರಗೆ ನೋಡಿದರೆ ಶುಕ್ರ ದಕ್ಷಿಣದ ತುದಿಯಲ್ಲಿ ಹುಟ್ಟುವುದು ಕಾಣುತ್ತಿತ್ತು ಎಂದು ಒಂದು ವಾದ. ದೂರದ ದಿಬ್ಬದಿಂದ ಅರಮನೆಯತ್ತ ನೋಡಬೇಕು, ಆಗ ಉತ್ತರದ ತುದಿಯಲ್ಲಿ ಶುಕ್ರ ಮುಳುಗುವುದು ಕಾಣುತ್ತಿತ್ತು ಎಂದು ಶ್ಪ್ರಾಯ್ಟ್ಸ್. ಒಂದೇ ರೇಖೆ, ಎರಡು ತುದಿ. ಯಾವ ತುದಿಯಲ್ಲಿ ನಿಂತರು ಎಂಬುದನ್ನು ಕಲ್ಲು ತಾನಾಗಿ ಹೇಳುವುದಿಲ್ಲ. ನೂರಾರು ಕಟ್ಟಡಗಳಲ್ಲಿ ಒಂದೇ ದಿನಗಳು ಮರುಕಳಿಸಿದಾಗ ನನಗೆ ನಂಬಿಕೆ ಬರುತ್ತದೆ, ಒಂದು ಕಟ್ಟಡದ ಒಂದು ಚಂದದ ಫೋಟೊದಿಂದ ಬರುವುದಿಲ್ಲ. ಮಾಯಾ ಪಂಚಾಂಗದ ಹೆಸರಿನಲ್ಲಿ ಹಬ್ಬಿದ 2012ರ ಡಿಸೆಂಬರಿನ ಪ್ರಳಯವನ್ನು ನಂಬಿದ್ದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಒಂದು: ಮಾಯಾ ಜನ 'ಕಣ್ಮರೆ'ಯಾದರು ಎಂದು ಬರೆಯಬೇಡಿ. ಲಕ್ಷಗಟ್ಟಲೆ ಜನ ಇವತ್ತಿಗೂ ಮಾಯಾ ಭಾಷೆಗಳನ್ನಾಡುತ್ತಾರೆ. ಗ್ವಾಟೆಮಾಲದ ಎತ್ತರದ ನಾಡಿನ ಕಿಚೆ ಜನರಲ್ಲಿ 260 ದಿನದ ಎಣಿಕೆ ಈಗಲೂ ನಡೆಯುತ್ತಿದೆ. ಆ ಎಣಿಕೆಯನ್ನು ಕಾಯುವವರನ್ನು 'ಅಹ್ ಕಿಹ್' ಎನ್ನುತ್ತಾರೆ. ಅಲ್ಲಿನ ಕಿಹ್ ಎಂದರೆ ನಮ್ಮ ಕಿನ್ನೇ, ಹೊತ್ತು ಕಾಯುವವರು ಎಂದು ಕನ್ನಡಿಸಬಹುದು. '8 ಕೋತಿ'ಯ ದಿನ ಅವರಿಗೆ ದೊಡ್ಡ ಹಬ್ಬ.

ನಾನೂ ಒಂದು 260 ಎಣಿಸುತ್ತಿದ್ದೇನೆ. ಮೂರು ಸಾವಿರ ವರ್ಷಗಳಲ್ಲಿ ಭೂಮಿಯ ಕಕ್ಷೆ ಸ್ವಲ್ಪ ತಿರುಗಿರುವುದರಿಂದ ಈಗ ಆ ಜೋಡಿ ಒಂದು ದಿನ ಮುಂದೆ ಬರುತ್ತದೆ, ಫೆಬ್ರುವರಿ 12 ಮತ್ತು ಅಕ್ಟೋಬರ್ 30. ಫೆಬ್ರುವರಿ 12ರ ಮುಂಜಾನೆ ಇಟ್ಟಿಗೆಯ ಮೇಲೆ ನಿಂತಾಗ ಸೂರ್ಯ ಟ್ಯಾಂಕಿನ ಎಡ ಅಂಚಿಗೆ ಒತ್ತಿಕೊಂಡು ಹುಟ್ಟಿದ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೇನೆ. ಅಕ್ಟೋಬರ್ 30ಕ್ಕೆ ಮತ್ತೆ ಅಲ್ಲೇ ಬರಬೇಕು. ಮೊನ್ನೆ ಕಾಕು ಮನೆ ಮುಂದೆ ಒಂದು ಲೋಡ್ ಇಟ್ಟಿಗೆ ಬಂದು ಬಿದ್ದಿದೆ, ಮಗನಿಗೆ ಮೇಲೊಂದು ಕೋಣೆ ಕಟ್ಟಿಸುತ್ತಾರಂತೆ. ವಾಶಕ್ತೂನ್‌ನಲ್ಲಿ ಪದರದ ಮೇಲೆ ಪದರ ಏರಿದಾಗ ಎದುರಿನ ದಿಬ್ಬದ ಮೇಲೆ ನಿಂತವನಿಗೆ ಏನನ್ನಿಸಿರಬಹುದು ಎಂದು ಈಗ ಸ್ವಲ್ಪ ಗೊತ್ತಾಗುತ್ತಿದೆ.